ಮಕ್ಕಳ ಗೋಡೆಪತ್ರಿಕೆ ನಡೆಸುವುದು ಹೇಗೆ? ಮೊದಲ ಹಾಳೆಯಿಂದ ಬಾನುಲಿಯವರೆಗೆ

"ನಮ್ಮ ಶಾಲೆಯ ಮಕ್ಕಳಿಗೊಂದು ಯೂಟ್ಯೂಬ್ ಚಾನೆಲ್ ಮಾಡಿಸಬೇಕೆಂದಿದ್ದೇವೆ, ಎಲ್ಲಿಂದ ಶುರು ಮಾಡಬೇಕು?" ಶಿಕ್ಷಕರು, ಅರಿವು ಕೇಂದ್ರಗಳ, ಅಂದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೇಲ್ವಿಚಾರಕರು, ಊರಿನ ಯುವಕ ಸಂಘದವರು ಈ ಪ್ರಶ್ನೆಯನ್ನು ಕೇಳುತ್ತಲೇ ಇದ್ದೀರಿ. ನನ್ನ ಉತ್ತರ ಪ್ರತಿಸಲವೂ ತುಸು ನಿರಾಸೆ ತರುತ್ತದೆಂದು ಗೊತ್ತು: ಒಂದು ಡ್ರಾಯಿಂಗ್ ಹಾಳೆ, ನಾಲ್ಕು ಬಣ್ಣದ ಪೆನ್ನುಗಳಿಂದ ಶುರು ಮಾಡಿ.

ಕಾರಣ ಸರಳ. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ತಪ್ಪಾದರೆ ಸಂಜೆಯೊಳಗೆ ಕಿತ್ತು ತೆಗೆಯಬಹುದು. ವಾಟ್ಸ್‌ಆ್ಯಪ್‌ಗೆ ಹೋದ ವಿಡಿಯೊವನ್ನು ಯಾರೂ ಮರಳಿ ಕರೆಸಿಕೊಳ್ಳಲಾರರು. ಮಕ್ಕಳು ಪ್ರಶ್ನೆ ಕೇಳುವುದನ್ನು, ಕೇಳಿದ್ದನ್ನು ಪರಿಶೀಲಿಸುವುದನ್ನು, ತಪ್ಪನ್ನು ಒಪ್ಪಿಕೊಳ್ಳುವುದನ್ನು ಕಲಿಯುವಷ್ಟು ಕಾಲ ಅವರ ಮಾಧ್ಯಮ ಸಣ್ಣದಾಗಿರಲಿ. ಹಾಗೆಂದು ಇದು ಆಟದ ಸಾಮಾನಲ್ಲ. ನಮ್ಮ ರಾಜ್ಯದಲ್ಲಿ ದುಡಿಯುವ ಮಕ್ಕಳೇ ಕಟ್ಟಿಕೊಂಡ ಭೀಮಸಂಘದ ಜೊತೆಗೆ ಬೆಳೆದ 'ಭೀಮ ಪತ್ರಿಕೆ'ಯೂ ಗೋಡೆಪತ್ರಿಕೆಯಾಗಿತ್ತು.

ಗೋಡೆಪತ್ರಿಕೆ ಎಂದರೆ ಒಂದೇ ಪ್ರತಿಯಲ್ಲಿ ಕೈಯಿಂದ ಬರೆದು, ಜನ ಓಡಾಡುವ ಜಾಗದಲ್ಲಿ ಅಂಟಿಸುವ ಪತ್ರಿಕೆ. ಬೇಕಾಗುವುದು ಇಷ್ಟೇ: ದೊಡ್ಡ ಡ್ರಾಯಿಂಗ್ ಹಾಳೆಗಳು, ದಪ್ಪ ಮೊನೆಯ ಪೆನ್ನುಗಳು, ಒಂದು ಹಲಗೆ, ದಾಖಲೆಗೆ ಒಂದು ನೋಟ್‌ಬುಕ್, ವಾರಕ್ಕೆ ಎರಡು ಗಂಟೆ ಬಿಡುವಿರುವ ಒಬ್ಬ ಹಿರಿಯರು. ಕೊನೆಯದೇ ದುರ್ಲಭ.

1. ತಂಡ ಕಟ್ಟಿ, ಆದರೆ ಜಾಣರನ್ನು ಮಾತ್ರ ಆರಿಸಬೇಡಿ

ಎಂಟರಿಂದ ಹನ್ನೆರಡು ಮಕ್ಕಳು ಸಾಕು. ಆರನೇ ತರಗತಿಯಿಂದ ಒಂಬತ್ತನೆಯವರೆಗಿನವರು ಬೆರೆತಿರಲಿ. ಹತ್ತನೆಯವರನ್ನು ಪರೀಕ್ಷೆಗೆ ಬಿಟ್ಟುಬಿಡಿ. ಕೈಬರಹ ಚೆನ್ನಾಗಿರುವ, ಭಾಷಣದಲ್ಲಿ ಬಹುಮಾನ ಪಡೆದ ಮಕ್ಕಳ ಪಟ್ಟಿ ಶಾಲೆಯಲ್ಲಿ ಯಾವಾಗಲೂ ಸಿದ್ಧವಾಗಿರುತ್ತದೆ. ಅದನ್ನು ಪಕ್ಕಕ್ಕಿಡಿ. ದಿನವೂ ಬಸ್ಸಿನಲ್ಲಿ ದೂರದಿಂದ ಬರುವ ಮಗು, ಹಾಸ್ಟೆಲಿನ ಮಗು, ಮನೆಯಲ್ಲಿ ತುಳುವನ್ನೋ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಮಗು, ಅಂಗವೈಕಲ್ಯವಿರುವ ಮಗು ತಂಡದಲ್ಲಿದ್ದರೆ ನಿಮಗೆ ಗೊತ್ತೇ ಇರದ ಸುದ್ದಿಗಳು ಬರುತ್ತವೆ. ಅಕ್ಷರ ನಿಧಾನವಾದವರು ಚಿತ್ರ ಬರೆಯಲಿ, ಕೇಳಿಕೊಂಡು ಬಂದು ಹೇಳಲಿ. ಇನ್ನೊಬ್ಬರು ಬರೆದುಕೊಳ್ಳಲಿ.

ಸಂಪಾದಕರ ಹುದ್ದೆ ಪ್ರತಿ ಸಂಚಿಕೆಗೂ ಬದಲಾಗಬೇಕು. ಒಬ್ಬರನ್ನೇ ಖಾಯಂ ಮಾಡಿದರೆ ಮೂರನೇ ತಿಂಗಳಿಗೆ ಅದು ತರಗತಿಯ ಮಾನಿಟರ್ ಪತ್ರಿಕೆಯಾಗಿರುತ್ತದೆ.

2. ಒಪ್ಪಿಗೆ ಪಡೆಯಿರಿ, ಎರಡು ಕಡೆಯಿಂದ

ಮೊದಲು ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ ತಿಳಿಸಿ. ಗ್ರಂಥಾಲಯದಲ್ಲಿ ನಡೆಸುವುದಾದರೆ ಪಂಚಾಯಿತಿಗೆ ತಿಳಿಸಿ. ಬಳಿಕ ಪೋಷಕರ ಸಹಿ. ಒಂದು ಪುಟದ ಪತ್ರದಲ್ಲಿ ಮಗು ಏನು ಮಾಡಲಿದೆ, ಎಲ್ಲಿ ಪ್ರಕಟವಾಗುತ್ತದೆ, ಯಾರನ್ನು ಕೇಳಬೇಕು ಎಂದು ಸರಳವಾಗಿ ಬರೆಯಿರಿ. ಗೋಡೆಪತ್ರಿಕೆ, ಧ್ವನಿಮುದ್ರಣ, ಫೋಟೊ, ಅಂತರ್ಜಾಲ ನಾಲ್ಕಕ್ಕೂ ಬೇರೆ ಬೇರೆ ಚೌಕ ಇಟ್ಟು ಗುರುತು ಹಾಕಿಸಿ. ಗೋಡೆಗೆ ಒಪ್ಪಿದ ತಾಯಿ ಫೇಸ್‌ಬುಕ್‌ಗೂ ಒಪ್ಪಿದ್ದಾರೆಂದು ನೀವೇ ತೀರ್ಮಾನಿಸಬೇಡಿ. ದುಡಿಯಲು ವಲಸೆ ಹೋದವರ ಮಕ್ಕಳು ಅಜ್ಜಿಯ ಜೊತೆ ಇರುತ್ತಾರೆ. ಅಜ್ಜಿಗೆ ಪತ್ರವನ್ನು ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದ ಎಲ್ಲರನ್ನೂ ಮಗುವೆಂದು ಕರೆಯುತ್ತದೆ. ಅವರ ವೈಯಕ್ತಿಕ ವಿವರಗಳನ್ನು ಡಿಜಿಟಲ್ ರೂಪದಲ್ಲಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ.

ಎರಡನೆಯ ಒಪ್ಪಿಗೆ ಮಗುವಿನದು. ಇದನ್ನು ಮರೆಯುವವರೇ ಹೆಚ್ಚು. ಮನೆಯಿಂದ ಸಹಿ ಬಂದಿದ್ದರೂ ಮಗು ಬೇಡವೆಂದರೆ ಬೇಡ. ನಿನ್ನೆ ಸರಿ ಎಂದದ್ದನ್ನು ಇಂದು ಬೇಡವೆಂದರೂ ಅಷ್ಟೇ. ಕಾರಣ ಕೇಳುವ ಹಕ್ಕು ನಿಮಗಿಲ್ಲ.

3. ಸುದ್ದಿ ಹೆಕ್ಕುವುದು

ಮೊದಲ ಸಭೆಯಲ್ಲಿ "ಯಾವ ವಿಷಯ ಬರೆಯೋಣ?" ಎಂದು ಕೇಳಿದರೆ ಪರಿಸರ ದಿನಾಚರಣೆ, ಗಣರಾಜ್ಯೋತ್ಸವ, ಕುವೆಂಪು ಜನ್ಮದಿನ ಎಂಬ ಉತ್ತರ ಬರುವುದು ಖಚಿತ. ಮಕ್ಕಳು ನಮಗೆ ಬೇಕಾದ ಉತ್ತರವನ್ನೇ ಕೊಡಲು ತರಬೇತಾಗಿದ್ದಾರೆ. ಬದಲಿಗೆ ಶಾಲೆಯಿಂದ ಮನೆಯವರೆಗಿನ ದಾರಿಯ ನಕ್ಷೆ ಬರೆಯಲು ಹೇಳಿ. ಎಲ್ಲಿ ಖುಷಿ, ಎಲ್ಲಿ ಹೆದರಿಕೆ, ಎಲ್ಲಿ ಬೇಸರ ಎಂದು ಮೂರು ಬಣ್ಣದಲ್ಲಿ ಗುರುತು ಮಾಡಲಿ. ದೀಪವಿಲ್ಲದ ತಿರುವು, ಬಾಗಿಲಿಲ್ಲದ ಶೌಚಾಲಯ, ನಿಲ್ಲದೆ ಹೋಗುವ ಬಸ್, ನಾಯಿ ಕಾಟ, ಮದ್ಯದಂಗಡಿ ಎಲ್ಲವೂ ಆ ಹಾಳೆಯ ಮೇಲೆ ತಾವಾಗಿ ಬಂದು ಕೂರುತ್ತವೆ.

ಒಂದು ಸಂಚಿಕೆಗೆ ಒಂದೇ ದೊಡ್ಡ ಸುದ್ದಿ ಸಾಕು. ಉಳಿದ ಜಾಗಕ್ಕೆ ಒಗಟು, ಅಡುಗೆ, ಕ್ರಿಕೆಟ್, ಊರ ಜಾತ್ರೆ, ಅಜ್ಜಿ ಹೇಳಿದ ಕಥೆ ಇರಲಿ. ನಗುವಿಲ್ಲದ ಪತ್ರಿಕೆಯನ್ನು ಮಕ್ಕಳೂ ಓದುವುದಿಲ್ಲ.

4. ಹೋಗಿ ಕೇಳುವುದು

ವರದಿಗೆ ಇಬ್ಬರಿಗಿಂತ ಕಡಿಮೆ ಮಕ್ಕಳು ಹೋಗಬಾರದು. ಕತ್ತಲಾಗುವ ಮೊದಲು ಮರಳಬೇಕು. ಎಲ್ಲಿಗೆ ಹೋದರೆಂದು ನೋಟ್‌ಬುಕ್‌ನಲ್ಲಿ ಬರೆದಿರಬೇಕು. ಮರಳು ಸಾಗಣೆ, ಕಳ್ಳಬಟ್ಟಿ, ಜಮೀನಿನ ಜಗಳ, ಜಾತಿಯ ಗಲಾಟೆ ಇಂಥವುಗಳ ಹಿಂದೆ ಮಕ್ಕಳನ್ನು ಕಳಿಸಲೇಬೇಡಿ. ಅಂಥ ಸುದ್ದಿ ಮಕ್ಕಳ ಬಾಯಲ್ಲಿ ಬಂದರೆ ಹೊರುವ ಭಾರ ಹಿರಿಯರದು.

ಪ್ರಶ್ನೆಗಳನ್ನು ಮೊದಲೇ ಬರೆದುಕೊಂಡು ಹೋಗಲಿ. "ನೀರು ಸರಿಯಾಗಿ ಬರುತ್ತಿದೆಯೇ?" ಎಂದರೆ ಹೌದು-ಇಲ್ಲ ಎಂಬಲ್ಲಿಗೆ ಮಾತು ಮುಗಿಯುತ್ತದೆ. "ಕಳೆದ ವಾರ ಎಷ್ಟು ದಿನ ನೀರು ಬಂತು, ಎಷ್ಟು ಹೊತ್ತಿಗೆ ಬಂತು?" ಎಂದರೆ ಸುದ್ದಿ ಸಿಗುತ್ತದೆ. ಒಂದು ಸಂಗತಿಗೆ ಇಬ್ಬರ ಸಾಕ್ಷಿ ಬೇಕೆಂಬುದು ನಿಯಮವಾಗಲಿ. ದೂರು ಯಾರ ಮೇಲಿದೆಯೋ ಅವರನ್ನೂ ಕೇಳಲೇಬೇಕು. ವಾಟರ್‌ಮನ್ ಮೇಲೆ ಬರೆಯಲು ಹೊರಟ ಮಕ್ಕಳು ಅವನನ್ನೇ ಕಂಡು ಮಾತಾಡಿಸಿದಾಗ ಮೋಟಾರು ಸುಟ್ಟಿದ್ದು, ಅವನಿಗೆ ಸಂಬಳ ಬಾರದಿದ್ದದ್ದು ಹೊರಬರಬಹುದು. ಆಗ ಸುದ್ದಿಯ ತಲೆಬರಹವೇ ಬದಲಾಗುತ್ತದೆ.

5. ಬರೆಯುವುದು, ತಿದ್ದುವುದು

ಇಲ್ಲಿ ಎಚ್ಚರ ತಪ್ಪುವವರು ಮಕ್ಕಳಲ್ಲ, ನಾವು. ಮಗು "ಬೋರ್‌ವೆಲ್ ಕೆಟ್ಟು ಹನ್ನೆರಡು ದಿನವಾಯಿತು, ಅಮ್ಮ ತೋಟದ ಬಾವಿಯಿಂದ ಹೊರುತ್ತಾಳೆ" ಎಂದು ಬರೆದಿರುತ್ತದೆ. ಹಿರಿಯರ ಕೆಂಪು ಪೆನ್ನು ತಾಗಿದ ಮೇಲೆ ಅದು "ಜಲಮೂಲಗಳ ಸಂರಕ್ಷಣೆ ನಮ್ಮೆಲ್ಲರ ಆದ್ಯ ಕರ್ತವ್ಯ" ಎಂದಾಗುತ್ತದೆ. ಸುದ್ದಿ ಸತ್ತಿತು, ಉಪದೇಶ ಹುಟ್ಟಿತು. ಕಾಗುಣಿತ ತಿದ್ದಿ, ಲೆಕ್ಕ ತಿದ್ದಿ, ಹೆಸರು ತಿದ್ದಿ. ಮಾತು ಅವರದೇ ಇರಲಿ, ಊರಿನ ಪದವೂ ಇರಲಿ.

ಡಮ್ಮಿ ಎಂಬ ಪದವನ್ನು ಮಕ್ಕಳಿಗೆ ಕಲಿಸಿ. ದೊಡ್ಡ ಹಾಳೆಯಲ್ಲಿ ಯಾವುದು ಎಲ್ಲಿ ಬರಬೇಕೆಂದು ಮೊದಲು ನೋಟ್‌ಬುಕ್ ಹಾಳೆಯಲ್ಲಿ ಪೆನ್ಸಿಲ್‌ನಿಂದ ಹಾಕುವ ನಕ್ಷೆಯದು. ಅದನ್ನು ಮಾಡದೆ ನೇರವಾಗಿ ಬರೆಯಲು ಕೂತರೆ ಕೊನೆಯ ಮೂರು ಸಾಲು ಇರುವೆಯಷ್ಟಾಗುತ್ತವೆ.

6. ಗುರುತು ಸೋಸುವುದು

ಇಡೀ ಕೆಲಸದಲ್ಲಿ ಆತುರ ಪಡಲೇಬಾರದ ಹಂತವಿದು. ಹಾಳೆ ಗೋಡೆಗೆ ಹೋಗುವ ಮೊದಲು, ಅದರಲ್ಲಿ ಬರುವ ಪ್ರತಿ ಮಗುವಿನ ವಿಷಯವಾಗಿಯೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಬರುವವರು ಇದನ್ನು ಓದಿದರೆ ಈ ಮಗು ಯಾರೆಂದು ಹೇಳಬಲ್ಲರೇ? ನಾನಿದನ್ನು ಡೇರಿ ಪರೀಕ್ಷೆ ಎನ್ನುತ್ತೇನೆ. ಹೆಸರು ತೆಗೆದರೆ ಸಾಕೆಂದು ಬಹಳ ಮಂದಿ ನಂಬಿದ್ದಾರೆ. "ಒಂಬತ್ತನೇ ತರಗತಿಯ ಹುಡುಗಿ, ಕೆರೆ ಹಿಂದಿನ ಬೀದಿ, ತಂದೆ ಟೈಲರ್" ಎಂದು ಬರೆದರೆ ನಿಮ್ಮ ಊರಿನಲ್ಲಿ ಹೆಸರು ಬೇರೆ ಬೇಕೇ?

ಸಂತೋಷದ ಸುದ್ದಿಗೆ ಹೆಸರು ಧಾರಾಳವಾಗಿ ಹಾಕಿ. ಕಬಡ್ಡಿ ಗೆದ್ದವರ, ಚಿತ್ರ ಬರೆದವರ ಹೆಸರು ಅವರ ಹಕ್ಕು. ಹಿಂಸೆ, ಕಾಯಿಲೆ, ಶಾಲೆ ಬಿಟ್ಟದ್ದು, ಮನೆಯ ಜಗಳ, ಬಾಲ್ಯವಿವಾಹ, ದುಡಿಮೆ ಇವುಗಳಲ್ಲಿ ಹೆಸರು ಮಾತ್ರವಲ್ಲ, ಬೀದಿ, ತರಗತಿ, ತಂದೆಯ ಕಸುಬು, ಜಾತಿ ಯಾವುದೂ ಬೇಡ. ಘಟನೆಯನ್ನೇ ಬಿಟ್ಟು ಪ್ರಶ್ನೆಯನ್ನು ಮಾತ್ರ ಇಟ್ಟುಕೊಳ್ಳಬಹುದು. "ನಮ್ಮ ಊರಿನ ಒಬ್ಬಳಿಗೆ ಮದುವೆ ಮಾಡಿದರು" ಎನ್ನುವ ಬದಲು "18 ತುಂಬದ ಹುಡುಗಿಗೆ ಮದುವೆ ಗೊತ್ತುಮಾಡಿದರೆ ನಾವು ಯಾರಿಗೆ ಹೇಳಬೇಕು?" ಎಂದು ಬರೆಯಿರಿ. ಕರ್ನಾಟಕದ ತಿದ್ದುಪಡಿಯಂತೆ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಅಂದರೆ ಕಾನೂನಿನ ಕಣ್ಣಿನಲ್ಲಿ ಅದು ನಡೆದೇ ಇಲ್ಲ ಎಂಬುದನ್ನೂ ಪಕ್ಕದಲ್ಲಿ ಹಾಕಿ. ಮಗುವನ್ನು ಮರೆಯಲ್ಲಿಟ್ಟರೂ ಪ್ರಶ್ನೆ ಬಯಲಿನಲ್ಲಿರುತ್ತದೆ.

ಕಾನೂನು ಇಲ್ಲಿ ಸಡಿಲವಾಗಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್, ಯಾವುದೇ ಮಾಧ್ಯಮದಲ್ಲಿ ಮಗುವಿನ ಹೆಸರು, ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆ ಹೀಗೆ ಗುರುತು ಹತ್ತುವ ಏನನ್ನೂ ಪ್ರಕಟಿಸಬಾರದೆನ್ನುತ್ತದೆ. ಮಗುವಿನ ಹಿತಕ್ಕೆ ಅಗತ್ಯವೆಂದು ವಿಶೇಷ ನ್ಯಾಯಾಲಯವೇ ಅನುಮತಿಸಿದರೆ ಮಾತ್ರ ವಿನಾಯಿತಿ. ಬಾಲನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ ಕಾನೂನಿನೊಡನೆ ಸಂಘರ್ಷಕ್ಕೊಳಗಾದ (ಅಪರಾಧದ ಆರೋಪ ಹೊತ್ತ) ಮಕ್ಕಳಿಗೆ, ಪಾಲನೆ ಪೋಷಣೆ ಬೇಕಾದ ಮಕ್ಕಳಿಗೆ, ಅಪರಾಧದ ಸಂತ್ರಸ್ತ ಅಥವಾ ಸಾಕ್ಷಿಯಾದ ಮಕ್ಕಳಿಗೆ ಇದೇ ರಕ್ಷಣೆ ಕೊಡುತ್ತದೆ. ಎರಡರಲ್ಲೂ ಜೈಲುಶಿಕ್ಷೆಯ ಅವಕಾಶವಿದೆ. "ನಮ್ಮದು ಪತ್ರಿಕೆಯಲ್ಲ, ಬರೀ ಗ್ರೂಪಿನಲ್ಲಿ ಹಾಕಿದ್ದು" ಎನ್ನುವ ಸಮಜಾಯಿಷಿಯನ್ನು ನೆಚ್ಚಬೇಡಿ.

ಇನ್ನೊಂದು ಕಿರಿಕಿರಿಯ ಸಂಗತಿ. ನೋಟ್‌ಬುಕ್ ಹಂಚುವ ಹಿರಿಯರು ಒಂದು ಬದಿ, ತಲೆ ತಗ್ಗಿಸಿ ಕೈಚಾಚಿದ ಮಗು ಇನ್ನೊಂದು ಬದಿ, ಕೆಳಗೆ "ಬಡ ಮಕ್ಕಳಿಗೆ ಪುಸ್ತಕ ವಿತರಣೆ". ಈ ಫೋಟೊ ನಿಮ್ಮ ಪತ್ರಿಕೆಗೆ ಬಾರದಿರಲಿ. ದಾನಿ ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

7. ಮಗು ನಿಮ್ಮ ಬಳಿ ಏನನ್ನಾದರೂ ಹೇಳಿಬಿಟ್ಟರೆ

ಹೆದರಿಕೆಯ ಜಾಗ ಗುರುತಿಸಿ ಎಂದ ಮೇಲೆ ಒಂದು ದಿನ ಒಂದು ಮಗು ಹಾಳೆಯ ಮೇಲೆ ಬರೆಯಲಾಗದ್ದನ್ನು ನಿಮ್ಮ ಕಿವಿಯಲ್ಲಿ ಹೇಳುತ್ತದೆ. ಅದಕ್ಕೆ ಸಿದ್ಧತೆಯಿಲ್ಲದಿದ್ದರೆ ಪತ್ರಿಕೆ ಆರಂಭಿಸಬೇಡಿ.

ಶಾಂತವಾಗಿ ಕೇಳಿಸಿಕೊಳ್ಳಿ. "ನೀನು ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ" ಎನ್ನಿ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬೇಡಿ, ಏಕೆಂದರೆ ಹೇಳಲೇಬೇಕಾಗುತ್ತದೆ. ಸಹಾಯ ಮಾಡಬಲ್ಲವರಿಗಷ್ಟೇ ಹೇಳುತ್ತೇನೆ ಎನ್ನಿ. ಮತ್ತೆ ಮತ್ತೆ ಕೇಳಬೇಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಬೇಡಿ, ನಾಲ್ಕು ಜನ ಸೇರಿ ವಿಚಾರಣೆ ಮಾಡಬೇಡಿ. ಮಗು ಆಡಿದ ಮಾತನ್ನು ಅದೇ ಪದಗಳಲ್ಲಿ, ದಿನಾಂಕ ಸಮೇತ ಬರೆದು ಬೀಗದ ಒಳಗಿಡಿ.

ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಅದು ಉಚಿತ, ಹಗಲು ರಾತ್ರಿ ಇರುತ್ತದೆ. ಈಗಲೇ ಅಪಾಯವಿದೆಯೆಂದಾದರೆ 112. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕೆಂದು ಪೋಕ್ಸೊ 19ನೇ ಸೆಕ್ಷನ್ ಹೇಳುತ್ತದೆ. ತಿಳಿಸದಿರುವುದು 21ನೇ ಸೆಕ್ಷನ್ ಪ್ರಕಾರ ಅಪರಾಧ. ಸದ್ಭಾವನೆಯಿಂದ ತಿಳಿಸಿದವರಿಗೆ ರಕ್ಷಣೆಯೂ ಇದೆ. ಮಗುವಿನ ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿರಬಾರದು, ಮಗುವಿನ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ ಪಡೆಯಬೇಕು ಎಂಬುದನ್ನು ಮನೆಯವರಿಗೆ ತಿಳಿಸಿ. ಅರ್ಧ ಭಯ ಅಲ್ಲಿಗೇ ಇಳಿಯುತ್ತದೆ. "ಶಾಲೆಯ ಮರ್ಯಾದೆ" ಎಂಬ ಮಾತು ಈ ಹೊತ್ತಿನಲ್ಲಿ ಯಾರಾದರೊಬ್ಬರ ಬಾಯಲ್ಲಿ ಬಂದೇ ಬರುತ್ತದೆ. ಕಿವಿಗೊಡಬೇಡಿ.

ಆ ಸಂಗತಿ ಯಾವ ಸಂಚಿಕೆಯಲ್ಲೂ ಬರುವುದಿಲ್ಲ. ಬದಲಿಗೆ 1098 ಎಂಬ ಅಂಕಿ ಪ್ರತಿ ಸಂಚಿಕೆಯ ಮೂಲೆಯಲ್ಲಿ, ಯಾವ ಗದ್ದಲವೂ ಇಲ್ಲದೆ, ಇರಲಿ.

8. ಅಂಟಿಸುವುದು

ತಂಡದ ಅತಿ ಕುಳ್ಳ ಮಗುವಿನ ಕಣ್ಣಿನ ಎತ್ತರಕ್ಕೆ ಹಲಗೆ ಇರಲಿ. ಮೈದಾ ಅಂಟು ಬಳಸಿ ಹೊರಗೋಡೆಗೆ ಹಚ್ಚಿದರೆ ಓದುಗರಿಗಿಂತ ಮೊದಲು ದನ ಬಂದು ನೆಕ್ಕುತ್ತದೆ. ಒಳಜಗಲಿಯಲ್ಲಿ ಪಿನ್ ಚುಚ್ಚುವುದು ಮೇಲು. ಮಲೆನಾಡಿನ ಮಳೆಗಾಲಕ್ಕೆ ಮೇಲೊಂದು ಪ್ಲಾಸ್ಟಿಕ್ ಹೊದಿಕೆ. ತಿಂಗಳಿಗೆ ಒಂದು ಸಂಚಿಕೆ ಸಾಕು. ವಾರಪತ್ರಿಕೆ ಎಂದು ಘೋಷಿಸಿ ಮೂರನೇ ವಾರಕ್ಕೆ ನಿಂತವು ಎಷ್ಟೋ. ಕೆಳಗೆ "ತಪ್ಪು ಒಪ್ಪು" ಎಂಬ ಚೌಕ ಬಿಡಿ. ಹಿಂದಿನ ಸಂಚಿಕೆಯ ತಪ್ಪನ್ನು ಅಲ್ಲಿ ಸ್ಪಷ್ಟವಾಗಿ ತಿದ್ದಲಿ.

9. ಉತ್ತರ ವಸೂಲು ಮಾಡುವುದು

ಬರೆದದ್ದಕ್ಕೆ ಏನೂ ಆಗದಿದ್ದರೆ ಮಕ್ಕಳು ಬೇಗ ಸಪ್ಪಗಾಗುತ್ತಾರೆ. ಕರ್ನಾಟಕದಲ್ಲಿ 2006ರಿಂದ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ವ್ಯವಸ್ಥೆ ಇದೆ. ಪಂಚಾಯಿತಿ ಅಧ್ಯಕ್ಷರ ಮತ್ತು ಅಧಿಕಾರಿಗಳ ಮುಂದೆ ಮಕ್ಕಳೇ ಪ್ರಶ್ನೆ ಇಡುವ ಸಭೆಯದು. ಸಾಮಾನ್ಯವಾಗಿ ನವೆಂಬರ್‌ನಿಂದ ಜನವರಿಯ ನಡುವೆ ನಡೆಯುತ್ತದೆ. ವರ್ಷದ ಸಂಚಿಕೆಗಳಿಂದ ನಾಲ್ಕು ಪ್ರಶ್ನೆ ಆರಿಸಿ, ನಕ್ಷೆ ಮತ್ತು ಲೆಕ್ಕದ ಸಮೇತ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ಭರವಸೆಯನ್ನು ಮಕ್ಕಳು ಅಲ್ಲೇ ದಿನಾಂಕ ಹಾಕಿ ಬರೆದುಕೊಳ್ಳಲಿ. ಮುಂದಿನ ಸಂಚಿಕೆಯಲ್ಲಿ "ಏನು ಹೇಳಿದರು, ಏನಾಯಿತು" ಎಂಬ ಎರಡು ಕಾಲಂ ಪಟ್ಟಿ ಬರಲಿ. ಸಭೆ ಹಾಡು, ನೃತ್ಯ, ಸಿಹಿ ಹಂಚಿಕೆಯಲ್ಲೇ ಮುಗಿದುಹೋಗುವ ಅಪಾಯವಿದೆ. ಪ್ರಶ್ನೆಗಳು ಮೊದಲು, ನೃತ್ಯ ಆಮೇಲೆ ಎಂದು ಮುಂಚೆಯೇ ಹಟ ಹಿಡಿಯಿರಿ.

10. ಧ್ವನಿಗೆ ಹೋಗುವುದು

ಆರೇಳು ಸಂಚಿಕೆ ಬಂದ ಮೇಲೆ ಮಾತ್ರ. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಧ್ವನಿವರ್ಧಕದಲ್ಲಿ ಐದು ನಿಮಿಷದ ಕಾರ್ಯಕ್ರಮ ಮಾಡಿದರೆ ಅದೇ ನಿಮ್ಮ ಬಾನುಲಿ. ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ' ಶುರುವಾದಾಗ ಸಮುದಾಯ ಬಾನುಲಿಗೆ ಪರವಾನಗಿಯೇ ಸಿಗುತ್ತಿರಲಿಲ್ಲ. ಅವರು ಕೇಬಲ್ ಎಳೆದು ಮನೆಗಳಿಗೆ ಕಾರ್ಯಕ್ರಮ ಮುಟ್ಟಿಸಿದರು. ಸಮುದಾಯ ಬಾನುಲಿ ಎಂದರೆ ಒಂದು ಪ್ರದೇಶದ ಜನರಿಗಾಗಿ, ಅವರದೇ ಪಾಲುಗಾರಿಕೆಯಲ್ಲಿ ನಡೆಯುವ, ಕೆಲವೇ ಕಿಲೋಮೀಟರ್ ಮುಟ್ಟುವ ಎಫ್‌ಎಂ ಕೇಂದ್ರ. 2006ರ ನೀತಿಯ ನಂತರ ಸ್ವಯಂಸೇವಾ ಸಂಸ್ಥೆಗಳಿಗೂ ಪರವಾನಗಿ ಸಿಗುತ್ತಿದೆ. ಸರಗೂರಿನ ಜನಧ್ವನಿ ಇಂಥದ್ದು. ಮಂಗಳೂರಿನ ರೇಡಿಯೊ ಸಾರಂಗ್, ರೇಡಿಯೊ ಮಣಿಪಾಲ್ ಶಿಕ್ಷಣ ಸಂಸ್ಥೆಗಳು ನಡೆಸುವ ಸಮುದಾಯ ಕೇಂದ್ರಗಳು. ಹತ್ತಿರದ ಕೇಂದ್ರಕ್ಕೆ ಪತ್ರ ಬರೆಯಿರಿ. ಆದರೆ ಈ ಕೇಂದ್ರಗಳು ಸ್ವಂತ ಸುದ್ದಿ ಪ್ರಸಾರ ಮಾಡುವಂತಿಲ್ಲ ಎಂಬುದನ್ನು ನೆನಪಿಡಿ. ನೀರು, ವಿದ್ಯುತ್, ಪರೀಕ್ಷೆ, ಹವಾಮಾನ, ಸ್ಥಳೀಯ ಕಾರ್ಯಕ್ರಮಗಳ ಮಾಹಿತಿಗೆ ಅಡ್ಡಿಯಿಲ್ಲ. ಹಾಗಾಗಿ ವರದಿಯನ್ನು ಮಾತುಕತೆಯಾಗಿ, ಪುಟ್ಟ ನಾಟಕವಾಗಿ, ಪ್ರಶ್ನೋತ್ತರವಾಗಿ ಬದಲಿಸಿ.

ಧ್ವನಿಮುದ್ರಣಕ್ಕೆ ಮೊಬೈಲ್ ಸಾಕು. ಫ್ಯಾನ್ ನಿಲ್ಲಿಸಿ, ವಿಮಾನ ಮೋಡ್ ಹಾಕಿ, ಬಾಯಿಂದ ಒಂದು ಗೇಣು ದೂರ ಹಿಡಿಯಿರಿ. ಬಟ್ಟೆ, ಚೀಲ ತುಂಬಿದ ಕೋಣೆಯಲ್ಲಿ ಪ್ರತಿಧ್ವನಿ ಕಡಿಮೆ. ಬರೆದದ್ದನ್ನು ಓದಿಸಬೇಡಿ, ಅಂಶಗಳನ್ನು ನೋಡಿಕೊಂಡು ಮಾತಾಡಿಸಿ. ಡೇರಿ ಪರೀಕ್ಷೆ ಇಲ್ಲಿ ಇನ್ನೂ ಕಠಿಣ, ಏಕೆಂದರೆ ಊರಿನವರಿಗೆ ಧ್ವನಿಯೂ ಪರಿಚಿತ.

11. ಕ್ಯಾಮೆರಾ ಕೊನೆಗೆ

ಇಷ್ಟಾದ ಮೇಲೂ ವಿಡಿಯೊ ಬೇಕೆಂದರೆ ಮುಖಕ್ಕಿಂತ ಕೈ, ಚಿತ್ರ, ದಾರಿ, ನಕ್ಷೆಗಳನ್ನು ತೋರಿಸಿ. ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಗುರುತು ಮರೆಯಾಗುವುದಿಲ್ಲ. ಸಮವಸ್ತ್ರ, ಚೀಲ, ಹಿಂದಿನ ಬಾಗಿಲು ಎಲ್ಲವೂ ಮಾತಾಡುತ್ತವೆ. ಗುರುತಿನ ಚೀಟಿ ತೆಗೆಸಿ, ಶಾಲೆಯ ಹೆಸರಿನ ಫಲಕ ಬಾರದಂತೆ ನಿಲ್ಲಿಸಿ. ಮೊಬೈಲ್ ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿರಿ. ಅದು ಚಾಲೂ ಇದ್ದರೆ ಚಿತ್ರ ತೆಗೆದ ಜಾಗದ ವಿವರ ಕಡತದೊಳಗೇ ಕೂತಿರುತ್ತದೆ. ಖಾತೆ ಸಂಸ್ಥೆಯ ಹೆಸರಿನಲ್ಲಿರಲಿ, ಪಾಸ್‌ವರ್ಡ್ ಇಬ್ಬರು ಹಿರಿಯರ ಬಳಿ ಇರಲಿ, ಪ್ರತಿಕ್ರಿಯೆಗಳನ್ನು ಮುಚ್ಚಿರಿ. ಸ್ವಯಂಸೇವಕರು ಮಕ್ಕಳಿಗೆ ಖಾಸಗಿಯಾಗಿ ಸಂದೇಶ ಕಳಿಸುವುದು ಕಡ್ಡಾಯವಾಗಿ ನಿಷಿದ್ಧ. ಏನೇ ಹೇಳುವುದಿದ್ದರೂ ಪೋಷಕರಿರುವ ಗುಂಪಿನಲ್ಲಿ.

ಮಗುವಿನ ಅಶ್ಲೀಲ ಚಿತ್ರವೊಂದು ಮಕ್ಕಳ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆಯೆಂದು ತಿಳಿದರೆ "ಸಾಕ್ಷಿಗೆ ಇರಲಿ" ಎಂದು ನಿಮ್ಮ ಮೊಬೈಲಿಗೆ ತರಿಸಿಕೊಳ್ಳಬೇಡಿ. ಅಂಥದ್ದನ್ನು ಇಳಿಸಿಕೊಳ್ಳುವುದು, ಕಳಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಪ್ರಕಾರ ಅಪರಾಧ. ಅದು ಇರುವ ಮೊಬೈಲನ್ನು ಮುಟ್ಟದೆ ಪೊಲೀಸರಿಗೆ ತಿಳಿಸಿ. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ಕೊಡಬಹುದು.

ಹಳೆಯ ಹಾಳೆಗಳನ್ನು ರದ್ದಿಗೆ ಹಾಕಬೇಡಿ. ಸುರುಳಿ ಸುತ್ತಿ, ಮೇಲೆ ತಿಂಗಳು ಬರೆದು ಗ್ರಂಥಾಲಯದ ಕಪಾಟಿನಲ್ಲಿಡಿ. ಶಾಲೆ ಬಿಟ್ಟು ಹೋದ ಮಗು ಮುಂದೊಂದು ದಿನ ಬಂದು "ನಾನು ಬರೆದದ್ದನ್ನು ತೆಗೆದುಬಿಡಿ" ಎಂದರೆ ಆ ಭಾಗದ ಮೇಲೆ ಬಿಳಿ ಕಾಗದ ಅಂಟಿಸಿ ಮತ್ತೆ ಸುತ್ತಿಡಿ.